ಕಲ್ಪಿತಯಂತ್ರವೂ ಚಾಲನಾಪರಿಸರವೂ

ಗಣಕಶಾಸ್ತ್ರದ ಬರೆಹಗಳಲ್ಲಿ ‘ವರ್ಚುವಲ್ ಮಷೀನ್’ ಎಂಬುದೂ ‘ರನ್‌ಟೈಂ ಎನ್ವಿರಾನ್‌ಮೆಂಟ್’ ಎಂಬುದೂ ಬಹುಮಟ್ಟಿಗೆ ಜೊತೆಯಾಗಿಯೇ ಬರುವ ಶಬ್ದಗಳು. ಒಂದರ ಸ್ಥಾನದಲ್ಲಿ ಇನ್ನೊಂದನ್ನಿಟ್ಟು ವ್ಯವಹರಿಸುವವರು ಅನೇಕರಿದ್ದಾರೆ. ಆ ಶಾಸ್ತ್ರವನ್ನೇ ವೃತ್ತಿಯಾಗಿ ಉಳ್ಳವರಲ್ಲಿಯೂ ಈ ಸಂಕರವು ವಿರಳವಲ್ಲ. ಇವೆರಡನ್ನೂ ಪರ್ಯಾಯಪದಗಳೆಂದೇ ತಿಳಿದುಕೊಂಡರೆ ಬರುವ ಹಾನಿಯೇನೆಂದು ಸಾಹಿತ್ಯಾಭ್ಯಾಸಿಗಳು ಕೇಳಬಹುದು. ಹಾನಿಯುಂಟು. ಕಾವ್ಯಗಳ ಪಾಠವನ್ನು ಗಣಕದಲ್ಲಿ ಸಂಗ್ರಹಿಸುವವರೂ ಪದಪ್ರಯೋಗಸೂಚಿಗಳನ್ನು ಸಿದ್ಧಪಡಿಸುವವರೂ ಪದ್ಯಗಳ ಗಣವಿಭಾಗವನ್ನು ಯಂತ್ರದಿಂದ ಮಾಡಿಸಲೆಳಸುವವರೂ ಒಂದು ಗಣಕದಲ್ಲಿ ಶುದ್ಧವಾಗಿ ತೋರಿದ ಪಾಠವು ಇನ್ನೊಂದರಲ್ಲಿ ಗುರುತೇ ಸಿಕ್ಕದಂತೆ ಕೆಟ್ಟುಹೋಗುವುದನ್ನು ಕಂಡಿದ್ದಾರೆ. ಆಗ ಕೆಲವರು ಕ್ರಮವಿಧಿಯನ್ನು, ಎಂದರೆ ಪ್ರೋಗ್ರಾಮನ್ನು, ಬರೆದವನನ್ನು ದೂರುತ್ತಾರೆ. ಕೆಲವರು ಯಂತ್ರವನ್ನು ದೂರುತ್ತಾರೆ. ಅನೇಕ ವೇಳೆ ದೋಷವು ಈ ಎರಡರಲ್ಲಿಯೂ ಇರದೆ ಮೂರನೆಯದೊಂದರಲ್ಲಿ ಇರುತ್ತದೆ. ಆ ಮೂರನೆಯದಕ್ಕೆ ಪ್ರತ್ಯೇಕವಾದ ಹೆಸರಿಲ್ಲದಿದ್ದರೆ ದೋಷವನ್ನು ಹುಡುಕುವ ಬಗೆಯೂ ತಿಳಿಯುವುದಿಲ್ಲ.

ಮೊದಲು ಶಬ್ದವಿಚಾರ. ‘ವರ್ಚುವಲ್’ ಎಂಬ ವಿಶೇಷಣವು ಲ್ಯಾಟಿನ್ನಿನ ‘ವಿರ್ಟುಸ್’ ಎಂಬುದರಿಂದ ಬಂದುದು. ಗುಣ, ಸಾಮರ್ಥ್ಯ ಎಂದು ಅದರ ಅರ್ಥ. ರೂಪದಲ್ಲಿ ಇಲ್ಲದಿದ್ದರೂ ಫಲದಲ್ಲಿ ಉಂಟಾದುದೇ ‘ವರ್ಚುವಲ್’. ಆದುದರಿಂದ ಇದನ್ನು ‘ಮಿಥ್ಯಾಯಂತ್ರ’ವೆಂದು ಕನ್ನಡಿಸುವುದು ಸಾಧುವಲ್ಲ. ಮಿಥ್ಯೆಯೆಂಬುದು ಬಾಧಿತವಾಗತಕ್ಕದ್ದು, ಹಗ್ಗದಲ್ಲಿ ಕಂಡ ಹಾವು ದೀಪ ತಂದೊಡನೆ ಇಲ್ಲವಾಗುತ್ತದೆ. ಈ ಯಂತ್ರವಾದರೋ ಎಷ್ಟು ದೀಪ ಹಿಡಿದು ನೋಡಿದರೂ ಲೆಕ್ಕವನ್ನು ಮಾಡಿಯೇ ಕೊಡುತ್ತದೆ. ‘ಕಲ್ಪಿತ’ವೆಂಬ ಶಬ್ದವು ಇದಕ್ಕಿಂತ ಮೇಲು. ‘ಕೢಪ್’ ಧಾತುವಿಗೆ ಅಣಿಗೊಳ್ಳು, ಹೊಂದಿಕೊಳ್ಳು ಎಂಬ ಅರ್ಥಗಳಿವೆ. ಕಲ್ಪಿತವೆಂದರೆ ಕೇವಲ ಊಹಿಸಿದುದಲ್ಲ, ಕ್ರಮವರಿತು ರಚಿಸಿದುದೂ ಹೌದು. ‘ರನ್‌ಟೈಂ ಎನ್ವಿರಾನ್‌ಮೆಂಟ್’ ಎಂಬುದಕ್ಕೆ ‘ಚಾಲನಾಪರಿಸರ’ವೆಂಬ ಶಬ್ದವನ್ನು ಇಟ್ಟುಕೊಳ್ಳಬಹುದು: ಕ್ರಮವಿಧಿಯು ನಡೆಯುತ್ತಿರುವಾಗ ಅದರ ಸುತ್ತಲೂ ಇರುವುದು ಎಂದು ತಾತ್ಪರ್ಯ. ಇನ್ನು ಮುಂದೆ ಈ ಎರಡು ಶಬ್ದಗಳನ್ನು ಈ ಅರ್ಥದಲ್ಲಿಯೇ ಬಳಸಿದೆ.

ಕಲ್ಪಿತಯಂತ್ರವೆಂಬ ಹೆಸರಿನಲ್ಲಿಯೇ ಎರಡು ಬಗೆಗಳುಂಟು. ಅಮೆರಿಕದ ಐಬಿಎಂ ಸಂಸ್ಥೆಯವರು ಮ್ಯಾಸಚೂಸೆಟ್ಸಿನ ಕೇಂಬ್ರಿಜ್‌ನಲ್ಲಿದ್ದ ತಮ್ಮ ಕೇಂದ್ರದಲ್ಲಿ ೧೯೬೭ರ ವೇಳೆಗೆ ಒಂದೇ ದೊಡ್ಡ ಗಣಕವು ಅನೇಕ ಗಣಕಗಳಂತೆ ವರ್ತಿಸುವ ಏರ್ಪಾಡನ್ನು ನಡೆಯಿಸಿದರು. ಅಲ್ಲಿ ಪ್ರತಿಯೊಬ್ಬ ಬಳಕೆದಾರನಿಗೂ ಇಡೀ ಯಂತ್ರವು ತನ್ನದೇ ಎಂಬ ಭಾವನೆಯುಂಟಾಗುತ್ತಿತ್ತು. ೧೯೭೨ರಲ್ಲಿ ಹೊರಬಂದ ವಿಎಂ/೩೭೦ ಈ ಕ್ರಮದ ಪರಿಪಕ್ವರೂಪ. ೧೯೭೪ರಲ್ಲಿ ಪೋಪೆಕ್ ಮತ್ತು ಗೋಲ್ಡ್‌ಬರ್ಗ್ ಎಂಬ ವಿದ್ವಾಂಸರು ಇದರ ಲಕ್ಷಣವನ್ನು ಶಾಸ್ತ್ರೀಯವಾಗಿ ನಿರೂಪಿಸಿದರು. ಇದು ನಿಜವಾಗಿ ಇರುವ ಯಂತ್ರವೊಂದರ ಪ್ರತಿಕೃತಿ. ಪ್ರಕೃತ ಬೇಕಾದುದು ಇದಲ್ಲ. ಎಲ್ಲಿಯೂ ಲೋಹದಲ್ಲಿ ಇಲ್ಲದ ಯಂತ್ರವೊಂದನ್ನು ಮೊದಲು ಗ್ರಂಥದಲ್ಲಿ ರಚಿಸಿ, ಆಮೇಲೆ ಬೇರೆ ಬೇರೆ ಗಣಕಗಳು ಅದರಂತೆ ನಟಿಸುವ ಹಾಗೆ ಮಾಡುವುದೊಂದುಂಟಷ್ಟೆ, ಅದೇ ಕ್ರಮವಿಧಿರಚನೆಯವರು ಹೇಳುವ ಕಲ್ಪಿತಯಂತ್ರ.

ಹೀಗೆ ಮಾಡಲು ಕಾರಣವೇನು? ಭಾಷೆಗಳು ಹಲವು, ಗಣಕಗಳ ಜಾತಿಗಳೂ ಹಲವು. ಐದು ಭಾಷೆಗಳನ್ನು ಆರು ಜಾತಿಯ ಗಣಕಗಳಿಗೆ ನೇರವಾಗಿ ಅನುವಾದಿಸಬೇಕಾದರೆ ಮೂವತ್ತು ಅನುವಾದಕಗಳು ಬೇಕು. ನಡುವೆ ಒಂದು ಕಲ್ಪಿತಯಂತ್ರವನ್ನಿಟ್ಟರೆ ಹನ್ನೊಂದು ಸಾಕು: ಐದು ಭಾಷೆಗಳಿಂದ ಅದಕ್ಕೆ, ಅದರಿಂದ ಆರು ಗಣಕಗಳಿಗೆ. ಮಾರ್ಟಿನ್ ರಿಚರ್ಡ್ಸ್ ಎಂಬವರು ೧೯೬೭ರಲ್ಲಿ ರಚಿಸಿದ ಬಿಸಿಪಿಎಲ್ ಭಾಷೆಗೆ ‘ಓ-ಕೋಡ್’ ಎಂಬ ಇಂಥ ನಡುಭಾಷೆಯಿತ್ತು. ಸ್ವಿಟ್ಸರ್ಲೆಂಡಿನ ಜೂರಿಕ್ ನಗರದಲ್ಲಿ ನಿಕ್ಲಾಸ್ ವಿರ್ತ್ ಅವರ ತಂಡವು ಪಾಸ್ಕಲ್ ಭಾಷೆಗಾಗಿ ‘ಪಿ-ಕೋಡ್’ ಎಂಬುದನ್ನು ಮಾಡಿತು; ಅದನ್ನು ಕೆನೆತ್ ಬೌಲ್ಸ್ ಅವರ ನೇತೃತ್ವದಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೋ ವಿಶ್ವವಿದ್ಯಾನಿಲಯದವರು ೧೯೭೦ರ ದಶಕದ ಚಿಕ್ಕ ಗಣಕಗಳಿಗೆ ಹರಡಿದರು. ಆದರೆ ಈ ಕಲ್ಪನೆಯು ಲೋಕಪ್ರಸಿದ್ಧವಾದುದು ೧೯೯೫ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯು ಪ್ರಕಟಿಸಿದ ಜಾವಾ ಭಾಷೆಯಿಂದ. ಜೇಮ್ಸ್ ಗೊಸ್ಲಿಂಗ್ ಆ ಭಾಷೆಯ ಮುಖ್ಯ ನಿರ್ಮಾತೃ. ಎರಡು ಶಬ್ದಗಳೂ ಅಲ್ಲಿ ಅಕ್ಕಪಕ್ಕದಲ್ಲಿಯೇ ನಿಂತಿರುವುದರಿಂದ ವಿವೇಚನೆಗೆ ಜಾವಾ ಬಹಳ ಅನುಕೂಲವಾದ ಉದಾಹರಣೆ.

ಜಾವಾದ ಕಲ್ಪಿತಯಂತ್ರವೆಂಬುದು ಮೂಲತಃ ಒಂದು ಪುಸ್ತಕ. ಟಿಮ್ ಲಿಂಡ್‌ಹೋಮ್ ಮತ್ತು ಫ್ರಾಂಕ್ ಯೆಲಿನ್ ಎಂಬವರು ಬರೆದ ಅದರ ಲಕ್ಷಣಗ್ರಂಥವು ೧೯೯೬ರಲ್ಲಿ ಹೊರಬಂದಿತು. ವಿಚಿತ್ರವೇನೆಂದರೆ, ಆ ಗ್ರಂಥದ ಪ್ರಕಾರ ಈ ಯಂತ್ರಕ್ಕೆ ಜಾವಾ ಭಾಷೆಯ ಪರಿಚಯವೇ ಇಲ್ಲ. ಅದಕ್ಕೆ ತಿಳಿದಿರುವುದು ‘ಕ್ಲಾಸ್’ ಎಂಬ ಹೆಸರಿನ ಕಡತದ ಸ್ವರೂಪ ಮಾತ್ರ. ಅಂಥ ಕಡತದ ಮೊದಲ ನಾಲ್ಕು ಬೈಟುಗಳು ಯಾವಾಗಲೂ ೨೦೨, ೨೫೪, ೧೮೬, ೧೯೦ ಎಂಬ ಸಂಖ್ಯೆಗಳಾಗಿರಬೇಕು. ಹಾಗಿದ್ದರೆ ಓದಲು ತೊಡಗುತ್ತದೆ, ಇಲ್ಲದಿದ್ದರೆ ತಿರಸ್ಕರಿಸುತ್ತದೆ. ಆ ಬಳಿಕ ಬರುವುದರಲ್ಲಿ ಒಂದೊಂದು ಆದೇಶಕ್ಕೂ ಒಂದು ಬೈಟಿನ ಸಂಕೇತಸಂಖ್ಯೆ. ಎರಡು, ಮೂರು, ನಾಲ್ಕು ಎಂಬ ಸಂಖ್ಯೆಗಳಲ್ಲಿ ಕಡೆಯ ಎರಡನ್ನು ಗುಣಿಸಿ ಮೊದಲನೆಯದಕ್ಕೆ ಕೂಡಬೇಕಾಗಿದ್ದರೆ ಯಂತ್ರಕ್ಕೆ ಕೊಡುವ ಆದೇಶಗಳು ೫, ೬, ೭, ೧೦೪, ೯೬ ಎಂದು ಐದೇ. ಐದೆಂಬ ಸಂಕೇತಕ್ಕೆ ‘ಎರಡನ್ನು ಅಟ್ಟಿಯ ಮೇಲಿಡು’ ಎಂದು ಅರ್ಥ; ಆರಕ್ಕೆ ‘ಮೂರನ್ನಿಡು’ ಎಂದು; ಏಳಕ್ಕೆ ‘ನಾಲ್ಕನ್ನಿಡು’ ಎಂದು. ನೂರನಾಲ್ಕು ಬಂದಾಗ ಯಂತ್ರವು ಅಟ್ಟಿಯ ಮೇಲಿನ ಎರಡನ್ನು ತೆಗೆದು ಗುಣಿಸಿ ಹನ್ನೆರಡನ್ನು ಅಲ್ಲಿಯೇ ಇಡುತ್ತದೆ. ತೊಂಬತ್ತಾರು ಬಂದಾಗ ಉಳಿದ ಎರಡನ್ನು ಕೂಡಿ ಹದಿನಾಲ್ಕನ್ನು ಇಡುತ್ತದೆ. (ಸಂಖ್ಯೆಗಳು ಮೊದಲೇ ಗೊತ್ತಿದ್ದರೆ ಅನುವಾದಕವೇ ಹದಿನಾಲ್ಕೆಂದು ಬರೆದುಬಿಡುವುದುಂಟು, ಇಲ್ಲಿ ರೀತಿಯನ್ನು ತೋರಿಸುವುದಷ್ಟೆ ಉದ್ದೇಶ.) ಕಾರಕಗಳೆಲ್ಲ ಮೊದಲು ಬಂದು ಕ್ರಿಯಾಪದವು ಕೊನೆಗೆ ನಿಲ್ಲುವ ಈ ಅನ್ವಯಕ್ರಮವು ಇಂಗ್ಲಿಷರಿಗೆ ಹೊಸದಾಗಿ ಕಾಣಬಹುದು; ‘ಮೂರನ್ನು ನಾಲ್ಕರಿಂದ ಗುಣಿಸು’ ಎನ್ನುವ ಕನ್ನಡಿಗನಿಗೆ ಅದರಲ್ಲಿ ಆಶ್ಚರ್ಯಪಡತಕ್ಕದ್ದೇನೂ ಇಲ್ಲ.

ಈ ಲಕ್ಷಣಗ್ರಂಥವು ಏನನ್ನು ಹೇಳುವುದಿಲ್ಲವೆಂಬುದೂ ಗಮನಾರ್ಹವೇ. ನೆನಪಿನ ಕೋಶಗಳನ್ನು ಒಳಗೆ ಹೇಗೆ ಜೋಡಿಸಬೇಕು, ಉಪಯೋಗ ತೀರಿದ ವಸ್ತುಗಳ ಜಾಗವನ್ನು ಯಾವ ಕ್ರಮದಿಂದ ತೆರವುಮಾಡಬೇಕು, ಆದೇಶಗಳನ್ನು ಒಂದೊಂದಾಗಿ ಓದಿ ನಡೆಯಿಸಬೇಕೋ ಗಣಕದ ಸ್ವಂತ ಭಾಷೆಗೆ ತಿರುಗಿಸಿ ನಡೆಯಿಸಬೇಕೋ, ಇವೆಲ್ಲವೂ ಕಟ್ಟುವವನ ಇಚ್ಛೆಗೆ ಬಿಟ್ಟ ಸಂಗತಿಗಳು. ೧೯೯೯ರಲ್ಲಿ ಬಂದ ‘ಹಾಟ್‌ಸ್ಪಾಟ್’ ಎಂಬುದು ಮೊದಲು ಓದಿ ನಡೆಯಿಸುತ್ತ, ಪದೇ ಪದೇ ಬರುವ ಭಾಗಗಳನ್ನು ಮಾತ್ರ ಗುರುತಿಟ್ಟು ಗಣಕದ ಭಾಷೆಗೆ ತಿರುಗಿಸಿಕೊಳ್ಳುವ ಒಂದು ರಚನೆ. ಅದು ಕಲ್ಪಿತಯಂತ್ರದ ಒಂದು ಮೂರ್ತಿ. ಲಕ್ಷಣವು ಒಂದೇ, ಮೂರ್ತಿಗಳು ಹಲವು.

ಇನ್ನು ಪರಿಸರದ ವಿಷಯ. ಒಂದು ಕ್ರಮವಿಧಿಯು ಲೆಕ್ಕವನ್ನು ಮಾಡಿದರಷ್ಟೇ ಸಾಲದು. ಅದು ಕಡತವನ್ನು ತೆರೆಯಬೇಕು, ತೆರೆಯ ಮೇಲೆ ಅಕ್ಷರಗಳನ್ನು ತೋರಿಸಬೇಕು, ಇಂದಿನ ದಿನಾಂಕವನ್ನು ಕೇಳಿ ತಿಳಿಯಬೇಕು, ಜಾಲದ ಮೂಲಕ ಇತರ ಗಣಕಗಳೊಡನೆ ಮಾತನಾಡಬೇಕು. ಇವುಗಳಲ್ಲಿ ಒಂದಕ್ಕೂ ಮೇಲೆ ಹೇಳಿದ ಆದೇಶಗಳಲ್ಲಿ ಸಂಖ್ಯೆಯಿಲ್ಲ. ಇದಕ್ಕಾಗಿ ಮುಂಚಿತವಾಗಿಯೇ ಬರೆದಿಟ್ಟ ಕ್ರಮವಿಧಿಗಳ ಭಂಡಾರವೊಂದು ಬೇಕು, ಇದನ್ನು ಲೈಬ್ರರಿಯೆನ್ನುತ್ತಾರೆ. ಕ್ರಮವಿಧಿಯನ್ನು ಹುಡುಕಿ ತಂದು ಆರಂಭಿಸುವ ಭಾಗ, ಪದ್ಧತಿಗಳನ್ನು ತಿಳಿಸುವ ಚಿಕ್ಕ ಕಡತಗಳು, ಕೆಳಗಿರುವ ಕಾರ್ಯಾಚರಣವ್ಯವಸ್ಥೆಯಿಂದ ಬರುವ ಸಂದೇಶಗಳು ಎಲ್ಲವೂ ಸೇರಿ ಚಾಲನಾಪರಿಸರವಾಗುತ್ತದೆ. ಜಾವಾದಲ್ಲಿ ‘ಜೆಆರ್‌ಇ’ ಎಂದು ಕರೆಯುವ ಸಮುದಾಯದಲ್ಲಿ ಕಲ್ಪಿತಯಂತ್ರದ ಒಂದು ಮೂರ್ತಿಯೂ ಅದರೊಡನೆ ಈ ಭಂಡಾರವೂ ಅಡಗಿವೆ. ಆದುದರಿಂದ ಅಲ್ಲಿ ಇವೆರಡರ ಸಂಬಂಧವು ಅವಯವಾವಯವಿ ಸಂಬಂಧ. (ಓರೇಕಲ್ ಸಂಸ್ಥೆಯು ೨೦೧೮ರಲ್ಲಿ ಬಂದ ಹನ್ನೊಂದನೆಯ ಆವೃತ್ತಿಯಿಂದ ಮುಂದಕ್ಕೆ ಜೆಆರ್‌ಇಯನ್ನು ಪ್ರತ್ಯೇಕವಾಗಿ ಕೊಡುವುದನ್ನು ನಿಲ್ಲಿಸಿತು. ಬೇಕಾದ ಭಾಗಗಳನ್ನಷ್ಟೆ ಆರಿಸಿ ತನಗೆ ತಕ್ಕ ಪರಿಸರವನ್ನು ತಾನೇ ಕಟ್ಟಿಕೊಳ್ಳುವ ಸೌಕರ್ಯವು ೨೦೧೭ರ ಒಂಬತ್ತನೆಯ ಆವೃತ್ತಿಯಲ್ಲಿಯೇ ಬಂದಿತ್ತು.)

ಜಾವಾ ಒಂದನ್ನೇ ನೋಡಿದವರು ಪರಿಸರವಿದ್ದೆಡೆಯಲ್ಲೆಲ್ಲ ಒಳಗೊಂದು ಕಲ್ಪಿತಯಂತ್ರವು ಇದ್ದೇ ಇರಬೇಕೆಂದು ಭಾವಿಸುವುದು ಸಹಜ. ಇದು ವ್ಯಾಪ್ತಿದೋಷ. ಸಿ ಭಾಷೆಯನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಅದರಲ್ಲಿ ಬರೆದ ಕ್ರಮವಿಧಿಯು ನೇರವಾಗಿ ಗಣಕದ ಸ್ವಂತ ಆದೇಶಗಳಿಗೇ ತಿರುಗುತ್ತದೆ. ನಡುವೆ ಯಾವ ಕಲ್ಪಿತಯಂತ್ರವೂ ಕೆಲಸಮಾಡುವುದಿಲ್ಲ. ಆದರೂ ಅದಕ್ಕೆ ಪರಿಸರವುಂಟು. ‘ಮೇನ್’ ಎಂಬ ಭಾಗದಿಂದ ಸಿ ಕ್ರಮವಿಧಿಯು ಆರಂಭವಾಗುತ್ತದೆಂದು ಪಾಠಶಾಲೆಯಲ್ಲಿ ಕಲಿಸುತ್ತಾರಷ್ಟೆ. ವಸ್ತುತಃ ಅದಕ್ಕೂ ಮೊದಲು ಬೇರೊಂದು ಚಿಕ್ಕ ತುಣುಕು ನಡೆದು, ಅಟ್ಟಿಯನ್ನು ಅಣಿಮಾಡಿ, ಹೊರಗಿನಿಂದ ಬಂದ ಪದಗಳನ್ನು ಒಪ್ಪಿಸಿ, ಆಮೇಲೆ ‘ಮೇನ್’ ಅನ್ನು ಕರೆಯುತ್ತದೆ. ಅದು ಮುಗಿದ ಮೇಲೆ ಫಲವನ್ನು ವ್ಯವಸ್ಥೆಗೆ ತಿಳಿಸುವುದೂ ಆ ತುಣುಕೇ. ನಾಟಕದಲ್ಲಿ ನಾಂದಿಯನ್ನೂ ಭರತವಾಕ್ಯವನ್ನೂ ಕಥೆಯ ಪಾತ್ರಗಳು ಲೆಕ್ಕಿಸದಿರುವಂತೆ ಕ್ರಮವಿಧಿಯನ್ನು ಬರೆದವನು ಇದನ್ನು ಲೆಕ್ಕಿಸುವುದಿಲ್ಲ. ೧೯೮೯ರಲ್ಲಿ ನಿಶ್ಚಯವಾದ ಸಿ ಭಾಷೆಯ ಪ್ರಮಾಣಗ್ರಂಥವು ಪರಿಸರದ ಪೂರ್ಣ ಆಶ್ರಯವುಳ್ಳ ಕ್ರಮವಿಧಿಗಳು, ಅದಿಲ್ಲದೆ ಸ್ವತಂತ್ರವಾಗಿ ನಿಲ್ಲತಕ್ಕವು ಎಂದು ಎರಡು ವರ್ಗಗಳನ್ನೇ ಮಾಡಿತು. ಅದೇ ಗ್ರಂಥದಲ್ಲಿ ‘ಅಮೂರ್ತಯಂತ್ರ’ವೊಂದರ ಪ್ರಸ್ತಾಪವೂ ಇದೆ, ಆದರೆ ಅದು ಅರ್ಥನಿರ್ಣಯಕ್ಕಾಗಿ ಗ್ರಂಥದಲ್ಲಿಯೇ ಉಳಿಯುವ ಯಂತ್ರ, ಚಾಲನಕಾಲದಲ್ಲಿ ಎದ್ದು ಬರುವುದಲ್ಲ. ಇದಕ್ಕೂ ಹಿಂದೆ ಜಾನ್ ಮೆಕಾರ್ಥಿಯವರು ೧೯೬೦ರಲ್ಲಿ ಲಿಸ್ಪ್ ಭಾಷೆಯನ್ನು ವಿವರಿಸಿದಾಗಲೇ ಉಪಯೋಗ ತೀರಿದ ಕೋಶಗಳನ್ನು ಚಾಲನಕಾಲದಲ್ಲಿ ತಾನಾಗಿಯೇ ಒಟ್ಟುಗೂಡಿಸುವ ಕ್ರಮವನ್ನು ಹೇಳಿದ್ದರು. ಪರಿಸರದ ಮುಖ್ಯ ಕಾರ್ಯಗಳಲ್ಲೊಂದು ಜಾವಾದ ಯಂತ್ರಕ್ಕಿಂತ ಮೂವತ್ತೈದು ವರ್ಷ ಹಳೆಯದೆಂದಾಯಿತು.

ಅನ್ವಯವ್ಯತಿರೇಕಗಳಿಂದಲೂ ಇವೆರಡರ ಭೇದವನ್ನು ಸಾಧಿಸಬಹುದು. ಗೂಗಲ್ ಸಂಸ್ಥೆಯ ಕ್ರೋಮ್ ಎಂಬ ಜಾಲದರ್ಶಕವು ೨೦೦೮ರಲ್ಲಿ ಬಂದಿತು. ಜಾವಾಸ್ಕ್ರಿಪ್ಟ್ ಭಾಷೆಯನ್ನು ನಡೆಯಿಸಲು ಅದರೊಳಗಿರುವ ಎಂಜಿನ್ನಿಗೆ ‘ವಿ೮’ ಎಂದು ಹೆಸರು. ಮರುವರ್ಷ ರಯನ್ ಡಾಲ್ ಎಂಬವರು ಅದೇ ವಿ೮ನ್ನು ತೆಗೆದುಕೊಂಡು ‘ನೋಡ್’ ಎಂಬುದನ್ನು ಕಟ್ಟಿದರು. ನಡೆಯಿಸುವ ಯಂತ್ರವು ಒಂದೇ. ಆದರೂ ಜಾಲದರ್ಶಕದಲ್ಲಿ ‘ಡಾಕ್ಯುಮೆಂಟ್’ ಎಂದು ಕರೆದರೆ ತೆರೆಯ ಮೇಲಿನ ಪುಟವು ದೊರೆಯುತ್ತದೆ. ನೋಡ್‌ನಲ್ಲಿ ಅದೇ ಹೆಸರನ್ನು ಹೇಳಿದರೆ ಅಂಥದೊಂದು ಇಲ್ಲವೆಂಬ ಉತ್ತರ ಬರುತ್ತದೆ. ಗಣಕದ ಕಡತವನ್ನು ತೆರೆಯುವ ಅಧಿಕಾರವು ನೋಡ್‌ನಲ್ಲಿದೆ. ಜಾಲಪುಟಕ್ಕೆ ಆ ಸ್ವಾತಂತ್ರ್ಯವಿಲ್ಲ. ಯಂತ್ರವು ಸಮಾನವಾಗಿದ್ದು ಪರಿಸರವು ಭಿನ್ನವಾದುದಕ್ಕೆ ಇದು ನಿದರ್ಶನ. ಇದಕ್ಕೆ ವಿಪರ್ಯಯವೂ ಉಂಟು. ಐಬಿಎಂ ಸಂಸ್ಥೆಯು ೨೦೧೭ರಲ್ಲಿ ಎಕ್ಲಿಪ್ಸ್ ಪ್ರತಿಷ್ಠಾನಕ್ಕೆ ಒಪ್ಪಿಸಿದ ‘ಓಪನ್‌ಜೆ೯’ ಎಂಬುದು ಜಾವಾದ ಕಲ್ಪಿತಯಂತ್ರದ ಇನ್ನೊಂದು ಮೂರ್ತಿ. ಹಾಟ್‌ಸ್ಪಾಟಿನೊಡನೆ ಬರುವ ಭಂಡಾರವನ್ನೇ ಇದರೊಡನೆಯೂ ಬಳಸುತ್ತಾರೆ. ಇಲ್ಲಿ ಭಂಡಾರವು ಸಮಾನ, ಮೂರ್ತಿಗಳು ಬೇರೆ. ಒಂದು ಬದಲಾದಾಗ ಇನ್ನೊಂದು ಬದಲಾಗದೆ ನಿಲ್ಲುವುದಾದರೆ ಅವೆರಡೂ ಒಂದೇ ಎನ್ನಲು ಬರುವುದಿಲ್ಲ.

ಯಂತ್ರವನ್ನು ಪರಿಸರದಿಂದ ಪೂರ್ತಿಯಾಗಿ ಬಿಡಿಸಿ ತೋರಿಸಬೇಕಾದರೆ ೨೦೧೯ರ ಡಿಸೆಂಬರಿನಲ್ಲಿ ಪ್ರಮಾಣವೆಂದು ಅಂಗೀಕೃತವಾದ ‘ವೆಬ್ ಅಸೆಂಬ್ಲಿ’ಯನ್ನು ನೋಡಬೇಕು. ಅದೂ ಅಟ್ಟಿಯ ಮೇಲೆ ಲೆಕ್ಕಮಾಡುವ ಕಲ್ಪಿತಯಂತ್ರವೇ. ಆದರೆ ಅದರ ಮೂಲಲಕ್ಷಣದಲ್ಲಿ ಹೊರಲೋಕದೊಡನೆ ಯಾವ ಸಂಪರ್ಕವೂ ಇಲ್ಲ. ತನ್ನಷ್ಟಕ್ಕೆ ತಾನು ಒಂದು ಅಕ್ಷರವನ್ನೂ ತೆರೆಯ ಮೇಲೆ ಬರೆಯಲಾರದು, ಗಂಟೆ ಎಷ್ಟಾಯಿತೆಂದು ತಿಳಿಯಲಾರದು. ಅದರ ಕ್ರಮವಿಧಿಯ ಆರಂಭದಲ್ಲಿ ‘ಇಂಥಿಂಥ ಹೆಸರಿನ, ಇಂಥಿಂಥ ಸ್ವರೂಪದ ಕ್ರಿಯೆಗಳನ್ನು ಹೊರಗಿನವರು ಒದಗಿಸಬೇಕು’ ಎಂಬ ಪಟ್ಟಿಯಿರುತ್ತದೆ. ಆಶ್ರಯಕೊಟ್ಟ ಪರಿಸರವು ಅವನ್ನು ಒದಗಿಸಿದರೆ ಕ್ರಮವಿಧಿ ನಡೆಯುತ್ತದೆ; ಒಂದು ಕಡಮೆಯಾದರೂ ಆರಂಭವೇ ಆಗುವುದಿಲ್ಲ. ಶಾಬ್ದಬೋಧವನ್ನು ವಿಚಾರಿಸಿದ ಪ್ರಾಚೀನರು ವಾಕ್ಯಕ್ಕೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರನ್ನು ಹೇಳಿದ್ದಾರೆ. ‘ತರು’ ಎಂದಷ್ಟೇ ಹೇಳಿದರೆ ‘ಏನನ್ನು?’ ಎಂಬ ಆಕಾಂಕ್ಷೆ ಉಳಿಯುತ್ತದೆ; ಅದನ್ನು ಸಂದರ್ಭವು ತುಂಬಬೇಕು. ಈ ಪಟ್ಟಿಯು ಕ್ರಮವಿಧಿಯ ಆಕಾಂಕ್ಷೆಯಾದರೆ, ಅದನ್ನು ತುಂಬುವುದು ಪರಿಸರ. ಹೋಲಿಕೆಯನ್ನು ಇದಕ್ಕಿಂತ ದೂರ ಎಳೆಯಬಾರದು. ಶ್ರೋತೃವು ಅಧ್ಯಾಹಾರಮಾಡಿಕೊಂಡು ಅರ್ಥವನ್ನು ತಿಳಿದಂತೆ ಯಂತ್ರವು ತಿಳಿಯಲಾರದು.

ಇಲ್ಲಿ ಒಂದು ಪೂರ್ವಪಕ್ಷ. ಭೇದವು ಇಷ್ಟು ಸ್ಪಷ್ಟವಾಗಿದ್ದರೆ, ಯಂತ್ರಗಳನ್ನು ನಿರ್ಮಿಸಿದವರೇ ಏತಕ್ಕೆ ಹೆಸರುಗಳನ್ನು ಬೆರಸಿದರು? ಮೈಕ್ರೋಸಾಫ್ಟ್ ಸಂಸ್ಥೆಯು ೨೦೦೨ರಲ್ಲಿ ಹೊರತಂದ ಡಾಟ್‌ನೆಟ್ ವ್ಯವಸ್ಥೆಯಲ್ಲಿ ನಡುಭಾಷೆಯನ್ನು ನಡೆಯಿಸುವ ಭಾಗಕ್ಕೆ ‘ಕಾಮನ್ ಲ್ಯಾಂಗ್ವೇಜ್ ರನ್‌ಟೈಂ’ ಎಂದೇ ಹೆಸರು. ಅದರ ಪ್ರಮಾಣಗ್ರಂಥವಾದರೋ ‘ವರ್ಚುವಲ್ ಎಕ್ಸಿಕ್ಯೂಷನ್ ಸಿಸ್ಟಂ’ ಎನ್ನುತ್ತದೆ. ಆಂಡ್ರಾಯ್ಡ್ ದೂರವಾಣಿಗಳಲ್ಲಿ ಮೊದಲು ‘ಡಾಲ್ವಿಕ್’ ಎಂಬ ಕಲ್ಪಿತಯಂತ್ರವಿತ್ತು; ೨೦೧೪ರಲ್ಲಿ ಐದನೆಯ ಆವೃತ್ತಿಯಿಂದ ಅದರ ಸ್ಥಾನಕ್ಕೆ ‘ಆಂಡ್ರಾಯ್ಡ್ ರನ್‌ಟೈಂ’ ಬಂದಿತು. ಇದಕ್ಕೆ ಸಮಾಧಾನವೇನೆಂದರೆ, ಈ ಎರಡೆಡೆಗಳಲ್ಲಿಯೂ ಆದೇಶಗಳನ್ನು ಒಂದೊಂದಾಗಿ ಓದಿ ನಡೆಯಿಸುವುದಕ್ಕಿಂತ ಗಣಕದ ಭಾಷೆಗೆ ತಿರುಗಿಸುವುದಕ್ಕೇ ಪ್ರಾಧಾನ್ಯ. ಡಾಟ್‌ನೆಟ್ ಚಾಲನಕಾಲದಲ್ಲಿಯೇ ತಿರುಗಿಸಿತು. ಆಂಡ್ರಾಯ್ಡಿನ ಐದನೆಯ ಆವೃತ್ತಿಯು ಕ್ರಮವಿಧಿಯನ್ನು ಸ್ಥಾಪಿಸುವಾಗಲೇ ತಿರುಗಿಸಿಡುತ್ತಿತ್ತು. ತಿರುಗಿಸಿದ ಬಳಿಕ ಕಣ್ಣಿಗೆ ಕಾಣುವುದು ಪರಿಸರದ ಕೆಲಸವೇ ಹೊರತು ಯಂತ್ರದ ಕೆಲಸವಲ್ಲ. ಹೀಗೆ ಅವಯವವು ಮರೆಯಾಗಿ ಅವಯವಿಯ ಹೆಸರು ಉಳಿಯಿತು, ಇದನ್ನು ಲಕ್ಷಣಾವೃತ್ತಿಯೆನ್ನಬಹುದು. ರೂಢಿಯ ನಾಮಕ್ಕೂ ವಸ್ತುವಿನ ಲಕ್ಷಣಕ್ಕೂ ಇರುವ ಅಂತರವನ್ನು ಬಲ್ಲ ಓದುಗರು ಇದರಿಂದ ತಪ್ಪುತಿಳಿವಳಿಕೆಗೆ ಗುರಿಯಾಗಬೇಕಾದುದಿಲ್ಲ.

ಇದಕ್ಕಿಂತ ಬಲವಾದ ಆಕ್ಷೇಪವೊಂದುಂಟು. ಯಂತ್ರಕ್ಕೂ ಭಂಡಾರಕ್ಕೂ ನಡುವಣ ಗಡಿಯು ಎಲ್ಲೆಡೆಯಲ್ಲಿಯೂ ಗೆರೆ ಎಳೆದಂತಿಲ್ಲ. ಜಾವಾದಲ್ಲಿ ಸಮಸ್ತ ವಸ್ತುಗಳಿಗೂ ಮೂಲವಾದ ‘ಆಬ್ಜೆಕ್ಟ್’ ಎಂಬ ವರ್ಗವೂ ವರ್ಗಗಳನ್ನೇ ವರ್ಣಿಸುವ ‘ಕ್ಲಾಸ್’ ಎಂಬ ವರ್ಗವೂ ಭಂಡಾರದಲ್ಲಿವೆ. ಆದರೆ ಅವಿಲ್ಲದೆ ಯಂತ್ರವು ಒಂದು ಹೆಜ್ಜೆಯನ್ನೂ ಇಡಲಾರದು, ಯಂತ್ರದ ಸಹಕಾರವಿಲ್ಲದೆ ಅವನ್ನು ಬರೆಯಲೂ ಆಗದು. ಲಕ್ಷಣಗ್ರಂಥವೇ ಇದನ್ನು ಒಪ್ಪುತ್ತದೆ. ಈ ಆಕ್ಷೇಪವನ್ನು ತಳ್ಳಿಹಾಕುವುದಕ್ಕಿಂತ ಅಂಗೀಕರಿಸುವುದೇ ಯುಕ್ತ. ಗಡಿಯಲ್ಲಿ ಕೆಲವು ಊರುಗಳು ಎರಡು ಸೀಮೆಗಳಿಗೂ ಸಲ್ಲುತ್ತವೆಂಬುದರಿಂದ ಸೀಮೆಗಳೆರಡೂ ಒಂದೇ ಎಂದಾಗುವುದಿಲ್ಲ.

ಈ ಭೇದವು ನ್ಯಾಯಸ್ಥಾನದ ಮೆಟ್ಟಿಲನ್ನೂ ಹತ್ತಿತು. ಸನ್ ಸಂಸ್ಥೆಯನ್ನು ೨೦೧೦ರಲ್ಲಿ ಕೊಂಡ ಓರೇಕಲ್, ಅದೇ ವರ್ಷದ ಆಗಸ್ಟಿನಲ್ಲಿ ಆಂಡ್ರಾಯ್ಡಿನ ವಿಷಯವಾಗಿ ಗೂಗಲಿನ ಮೇಲೆ ಕ್ಯಾಲಿಫೋರ್ನಿಯಾದಲ್ಲಿ ದಾವೆ ಹೂಡಿತು. ಆ ದಾವೆಯಲ್ಲಿ ಎರಡು ಮುಖಗಳಿದ್ದವು. ಒಂದು ಪೇಟೆಂಟುಗಳದು, ವಿಚಾರಣೆಯವರೆಗೆ ಉಳಿದು ಬಂದವು ಕಲ್ಪಿತಯಂತ್ರದ ಒಳಗಿನ ಕಾರ್ಯವಿಧಾನಕ್ಕೆ ಸಂಬಂಧಪಟ್ಟವು. ಇನ್ನೊಂದು ಕೃತಿಸ್ವಾಮ್ಯದ್ದು; ಇದರ ಮುಖ್ಯಾಂಶವು ಭಂಡಾರಕ್ಕೆ ಸಂಬಂಧಪಟ್ಟುದು. ಗೂಗಲಿನವರು ಜಾವಾದ ಕಲ್ಪಿತಯಂತ್ರವನ್ನು ತೆಗೆದುಕೊಂಡಿರಲಿಲ್ಲ. ಡಾಲ್ವಿಕ್‌ನ ಆದೇಶಗಳೇ ಬೇರೆ, ಅದು ಅಟ್ಟಿಯ ಯಂತ್ರವೂ ಅಲ್ಲ, ಹೆಸರಿಟ್ಟ ಕೋಶಗಳಲ್ಲಿ ಲೆಕ್ಕಮಾಡುವ ಯಂತ್ರ. ಅವರು ತೆಗೆದುಕೊಂಡಿದ್ದುದು ಜಾವಾ ಬಲ್ಲವರಿಗೆ ರೂಢಿಯಾಗಿದ್ದ ಹೆಸರುಗಳನ್ನು: ೩೭ ಭಂಡಾರವಿಭಾಗಗಳ ಸುಮಾರು ೧೧,೫೦೦ ಸಾಲುಗಳ ಘೋಷಣೆಗಳನ್ನು. ಆ ಹೆಸರುಗಳ ಹಿಂದಿನ ಕಾರ್ಯಭಾಗವನ್ನು ಬಹುಮಟ್ಟಿಗೆ ತಾವೇ ಬೇರೆಯಾಗಿ ಬರೆಯಿಸಿದ್ದರು. ೨೦೧೨ರ ಮೇ ತಿಂಗಳಲ್ಲಿ ಪಂಚರು ಪೇಟೆಂಟುಗಳ ಉಲ್ಲಂಘನೆಯಾಗಿಲ್ಲವೆಂದು ತೀರ್ಮಾನಿಸಿದರು. ಯಂತ್ರದ ಮಾತು ಅಲ್ಲಿಗೆ ಮುಗಿಯಿತು. ಆದರೆ ಭಂಡಾರದ ಹೆಸರುಗಳ ಮಾತು ಕೆಳಗಿನಿಂದ ಮೇಲಕ್ಕೂ ಮೇಲಿನಿಂದ ಕೆಳಕ್ಕೂ ಓಡಾಡುತ್ತ ಇನ್ನೂ ಒಂಬತ್ತು ವರ್ಷ ನಡೆಯಿತು. ಕೊನೆಗೆ ೨೦೨೧ರ ಏಪ್ರಿಲ್ ೫ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಆರಕ್ಕೆ ಎರಡರ ಬಹುಮತದಿಂದ ಅದು ನ್ಯಾಯಸಮ್ಮತವಾದ ಉಪಯೋಗವೆಂದು ತೀರ್ಪಿತ್ತಿತು. ಇಂಥ ಘೋಷಣೆಗಳಿಗೆ ಕೃತಿಸ್ವಾಮ್ಯವು ಸಲ್ಲುತ್ತದೆಯೋ ಇಲ್ಲವೋ ಎಂಬ ಮೂಲಪ್ರಶ್ನೆಯನ್ನು ಮಾತ್ರ ನಿರ್ಣಯಿಸದೆಯೇ ಬಿಟ್ಟಿತು. ಯಂತ್ರವೂ ಪರಿಸರವೂ ಒಂದೇ ಎಂದು ತಿಳಿದವರಿಗೆ ಈ ವ್ಯಾಜ್ಯದ ವರದಿಗಳು ಅರ್ಥವಾಗುವುದೇ ಕಷ್ಟ.

ಈಗ ಆರಂಭದಲ್ಲಿ ಹೇಳಿದ ಕೆಟ್ಟುಹೋದ ಪಾಠದ ವಿಷಯಕ್ಕೆ ಬರಬಹುದು. ‘ಕನ್ನಡ’ ಎಂಬ ಶಬ್ದವನ್ನೇ ತೆಗೆದುಕೊಳ್ಳೋಣವಾಗಲಿ. ಬಾಯಲ್ಲಿಯೂ ಬರೆಹದಲ್ಲಿಯೂ ಅದರಲ್ಲಿ ಮೂರು ಅಕ್ಷರಗಳು. ಯೂನಿಕೋಡ್ ಎಂಬ ಜಾಗತಿಕ ಸಂಕೇತದಲ್ಲಿ ಐದು ಸಂಕೇತಗಳು: ಕಕಾರ, ನಕಾರ, ಹಲಂತಚಿಹ್ನೆ, ಮತ್ತೆ ನಕಾರ, ಡಕಾರ. ಕಕಾರದ ಸಂಖ್ಯೆ ೩೨೨೧. ಕಡತದಲ್ಲಿ ಶೇಖರಿಸುವಾಗ ಯುಟಿಎಫ್-೮ ಎಂಬ ಕ್ರಮದಲ್ಲಿ ಒಂದೊಂದು ಸಂಕೇತಕ್ಕೂ ಮೂರು ಬೈಟುಗಳಂತೆ ಒಟ್ಟು ಹದಿನೈದು ಬೈಟುಗಳು. ಕಕಾರವು ೨೨೪, ೧೭೮, ೧೪೯ ಎಂದಾಗುತ್ತದೆ. ಮೂರು, ಐದು, ಹದಿನೈದು: ಈ ಮೂರು ಎಣಿಕೆಗಳಲ್ಲಿ ಜಾವಾದ ಕಲ್ಪಿತಯಂತ್ರಕ್ಕೆ ತಿಳಿದಿರುವುದು ಯಾವುದು? ಅದರ ಲಕ್ಷಣಗ್ರಂಥದಲ್ಲಿ ‘ಕ್ಯಾರೆಕ್ಟರ್’ 	ಎಂಬುದು ಹದಿನಾರು ಬಿಟ್ಟುಗಳ ಸಂಖ್ಯೆ. ಆದುದರಿಂದ ಈ ಶಬ್ದದ ಉದ್ದವನ್ನು ಕೇಳಿದರೆ ಐದೆಂದು ಉತ್ತರ ಬರುತ್ತದೆ, ಎಲ್ಲ ಗಣಕಗಳಲ್ಲಿಯೂ ಐದೇ. ಕ್ರಮವಿಧಿಯ ಒಳಗೇ ಬರೆದ ಶಬ್ದವು ಕ್ಲಾಸ್ ಕಡತದಲ್ಲಿ ಹೇಗೆ ಅಡಗಿರಬೇಕೆಂಬುದನ್ನೂ ಗ್ರಂಥವೇ ವಿಧಿಸಿದೆ. ಅನುವಾದದ ಕಾಲದಲ್ಲಿ ಸರಿಯಾಗಿ ಒಳಹೊಕ್ಕ ಕನ್ನಡ ಶಬ್ದವು ಆಮೇಲೆ ಎಲ್ಲಿಗೆ ಹೋದರೂ ಕೆಡುವುದಿಲ್ಲ.

ಹೊರಗಿನ ಕಡತದಿಂದ ಓದಿದ ಶಬ್ದದ ಸ್ಥಿತಿಯು ಹೀಗಲ್ಲ. ಆ ಹದಿನೈದು ಬೈಟುಗಳನ್ನು ಯಾವ ಸಂಕೇತಕ್ರಮದಂತೆ ಓದಬೇಕೆಂದು ಕ್ರಮವಿಧಿಯಲ್ಲಿ ಸ್ಪಷ್ಟವಾಗಿ ಹೇಳದಿದ್ದರೆ, ಬಹುಕಾಲದವರೆಗೆ ಜಾವಾದ ಭಂಡಾರವು ತನ್ನ ಕೆಳಗಿನ ವ್ಯವಸ್ಥೆಯನ್ನು ಕೇಳಿ ನಡೆದುಕೊಳ್ಳುತ್ತಿತ್ತು. ಲಿನಕ್ಸ್ ಗಣಕಗಳಲ್ಲಿ ಸಾಮಾನ್ಯವಾಗಿ ಯುಟಿಎಫ್-೮ ಎಂದು ಉತ್ತರ ಬರುತ್ತಿತ್ತು. ಇಂಗ್ಲಿಷಿಗೆ ಅಣಿಮಾಡಿದ ವಿಂಡೋಸ್ ಗಣಕಗಳಲ್ಲಿ ೧೨೫೨ ಎಂಬ ಪಶ್ಚಿಮ ಯೂರೋಪಿನ ಸಂಕೇತಪುಟವೆಂದು ಬರುತ್ತಿತ್ತು. ಆ ಪುಟದಲ್ಲಿ ೨೨೪ ಎಂದರೆ ತಲೆಯ ಮೇಲೆ ಓರೆಗೆರೆಯುಳ್ಳ ರೋಮನ್ ಲಿಪಿಯ ಮೊದಲಕ್ಷರ, ೧೭೮ ಎಂದರೆ ವರ್ಗವನ್ನು ಸೂಚಿಸಲು ಮೇಲೇರಿಸಿದ ಎರಡು, ೧೪೯ ಎಂದರೆ ಒಂದು ಕರಿಯ ಬೊಟ್ಟು. ಒಂದು ಕಕಾರವು ಹೀಗೆ ಮೂರು ಪರಕೀಯ ಚಿಹ್ನೆಗಳಾಗಿ ಒಡೆಯುತ್ತಿತ್ತು. ಕ್ಲಾಸ್ ಕಡತವು ಒಂದೇ, ಕಲ್ಪಿತಯಂತ್ರದ ಲಕ್ಷಣವೂ ಒಂದೇ, ಓದಿದ ಹದಿನೈದು ಬೈಟುಗಳೂ ಅವೇ. ಬೇರೆಯಾದುದು ಪರಿಸರ ಮಾತ್ರ. ‘ಒಮ್ಮೆ ಬರೆದರೆ ಎಲ್ಲಿಯಾದರೂ ನಡೆಯುತ್ತದೆ’ ಎಂದು ಜಾವಾವನ್ನು ಕುರಿತು ಪ್ರಚಾರಮಾಡಿದವರು ನಡೆಯುವುದನ್ನು ಹೇಳಿದರೇ ಹೊರತು ಎಲ್ಲಿಯಾದರೂ ಒಂದೇ ರೀತಿಯಾಗಿ ಓದುತ್ತದೆಂಬುದನ್ನು ಹೇಳಿರಲಿಲ್ಲವೆನ್ನಬೇಕು! ೨೦೨೨ರ ಮಾರ್ಚಿಯಲ್ಲಿ ಬಂದ ಹದಿನೆಂಟನೆಯ ಆವೃತ್ತಿಯಲ್ಲಿ ಈ ಪದ್ಧತಿಯನ್ನು ಬದಲಾಯಿಸಿ, ಬೇರೆ ಹೇಳದಿದ್ದರೆ ಯುಟಿಎಫ್-೮ ಎಂದೇ ತಿಳಿಯತಕ್ಕದ್ದೆಂದು ಗೊತ್ತುಮಾಡಿದರು. ಆದೇಶಗಳನ್ನು ಬೆರಳಚ್ಚಿಸುವ ಕರಿಯ ಕಿಟಕಿಗೆ ಮಾತ್ರ ಈ ನಿಯಮವು ಅನ್ವಯಿಸುವುದಿಲ್ಲ. ಅಲ್ಲಿ ಇಂದಿಗೂ ವ್ಯವಸ್ಥೆಯ ಸಂಕೇತವೇ ಪ್ರಮಾಣ. ಹಳೆಯ ಆವೃತ್ತಿಗಳು ನಡೆಯುತ್ತಿರುವ ಕಡೆಗಳಲ್ಲಿ ಹಳೆಯ ಪದ್ಧತಿಯೇ ಉಳಿದಿದೆ.

ಮೂರು ಎಂಬ ಎಣಿಕೆಯು ಇನ್ನೂ ಉಳಿಯಿತು. ನಕಾರದ ಕೆಳಗೆ ನಕಾರದ ಒತ್ತು ಬಂದು ಮೂರು ಗುಂಪುಗಳಾಗಿ ತೆರೆಯ ಮೇಲೆ ನಿಲ್ಲುವುದು ಯಂತ್ರದ ಯಾವ ಆದೇಶದಿಂದಲೂ ಅಲ್ಲ. ಅಕ್ಷರಗಳನ್ನು ಜೋಡಿಸುವ ಭಾಗವೊಂದು ಪರಿಸರದಲ್ಲಿದೆ. ೨೦೧೭ರ ಒಂಬತ್ತನೆಯ ಆವೃತ್ತಿಯಿಂದ ಜಾವಾದಲ್ಲಿ ‘ಹಾರ್ಫ್‌ಬಜ್’ ಎಂಬುದು ಆ ಕೆಲಸಮಾಡುತ್ತದೆ. ಅದು ಗಣಕದಲ್ಲಿರುವ ಕನ್ನಡದ ಫಾಂಟನ್ನು ಕೇಳಿ, ಯಾವ ಸಂಕೇತಗಳು ಕೂಡಿ ಯಾವ ಆಕಾರವಾಗಬೇಕೆಂದು ತಿಳಿದು ಬರೆಯುತ್ತದೆ. ಕನ್ನಡದ ಫಾಂಟೇ ಇಲ್ಲದಿದ್ದರೆ ಬರಿಯ ಚೌಕಗಳು ಕಾಣುತ್ತವೆ. ಆಗಲೂ ಯಂತ್ರವು ಉದ್ದವನ್ನು ಐದೆಂದೇ ಹೇಳುತ್ತದೆ, ಅದರಲ್ಲಿ ತಪ್ಪೂ ಇಲ್ಲ. ಇನ್ನು ಮೊದಲಕ್ಷರವು ಒತ್ತಿನ ಹಿಂದಿರುವುದರಿಂದ ಗುರುವಾಗಿ, ಮುಂದಿನವೆರಡು ಲಘುಗಳಾಗಿ, ಈ ಶಬ್ದಕ್ಕೆ ನಾಲ್ಕು ಮಾತ್ರೆಗಳೆಂಬ ನಾಲ್ಕನೆಯ ಎಣಿಕೆಯೊಂದಿದೆಯಷ್ಟೆ. ಅದು ಕಲ್ಪಿತಯಂತ್ರಕ್ಕೂ ತಿಳಿಯದು, ಅದರೊಡನೆ ಬರುವ ಭಂಡಾರದಲ್ಲಿಯೂ ಇಲ್ಲ. ಛಂದಸ್ಸನ್ನು ಬಲ್ಲವರು ಕ್ರಮವಿಧಿಯಲ್ಲಿಯೇ ಅದನ್ನು ಬರೆದುಕೊಡಬೇಕು.